ಕೆಂಪು ದಾರದ ಕಾಯಿ

ಹೊತ್ತು ಇಳಿಯುತ್ತಿದ್ದಂತೆ ನಮ್ಮ ಪೆಟ್ರೋಲ್ ಬಂಕಿನ ಚಾವಣಿಯ ಮೇಲೆ ಬಿಳಿಯ ಹೂಗಳು ಅರಳುತ್ತಿದ್ದವು. ಸೋರೆಯ ಹೂವು ಬೆಳಗಿನ ಹೂವಲ್ಲ. ಅದು ಕಣ್ಣು ಬಿಡುವುದೇ ಸೂರ್ಯ ಮುಳುಗುವಾಗ. ಒಂದು ಕಾಲದಲ್ಲಿ ಆ ಹೊತ್ತಿಗೆ ಅಲ್ಲಿ ಟ್ಯೂಬ್‌ಲೈಟುಗಳು ಹೊತ್ತಿಕೊಂಡು, ಸ್ಕೂಟರು ಲಾರಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಗಾಜಿನ ಕೋಣೆಯಲ್ಲಿ ಮ್ಯಾನೇಜರು ಎಂಬ ಹೆಸರಿನಲ್ಲಿ ನಾನು ಕೂತಿರುತ್ತಿದ್ದೆ. ಆಮೇಲೆ ಪೆಟ್ರೋಲು ವಾರಕ್ಕೊಮ್ಮೆ ಬರತೊಡಗಿತು, ತಿಂಗಳಿಗೊಮ್ಮೆಯಾಯಿತು, ಕೊನೆಗೆ ಟ್ಯಾಂಕರು ಬರುವುದೇ ನಿಂತಿತು. ಮಾಲೀಕರು ಬಂಕಿಗೆ ಬೇಲಿ ಹಾಕಿಸಿ, ಗೇಟಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದರು. ಮರುವರ್ಷದ ಮಳೆಗೆ ಎಲ್ಲಿಂದಲೋ ಬಂದ ಕಹಿಸೋರೆಯ ಬಳ್ಳಿಯೊಂದು ಪಂಪುಗಳನ್ನು ತಬ್ಬಿ, ಕಂಬ ಹತ್ತಿ, ಚಾವಣಿಯನ್ನೆಲ್ಲ ಆವರಿಸಿತು. ನನಗೆ ಆ ಬಳ್ಳಿಯ ಮೇಲೆ ಅಕ್ಕರೆ ಹುಟ್ಟಿತು. ಬರಿದಾದ ಬಂಕನ್ನು ದಿನವೂ ನೋಡುವ ಸಂಕಟವನ್ನು ಅದು ಸ್ವಲ್ಪ ಮಟ್ಟಿಗಾದರೂ ಮುಚ್ಚಿಹಾಕಿತ್ತು.

ಬಂಕಿನ ಹಿಂದೆಯೇ ನಮ್ಮ ಬಡಾವಣೆ. ಊರಿನಿಂದ ಎಂಟು ಮೈಲಿ; ವಾಹನಗಳಿದ್ದಾಗ ಅದೊಂದು ದೂರವೆನಿಸುತ್ತಿರಲಿಲ್ಲ. ನಲವತ್ತು ಅರವತ್ತರ ಮೂವತ್ತು ಸೈಟುಗಳು, ಅಂಗಳಕ್ಕೆಲ್ಲ ಸಿಮೆಂಟು, ಗೇಟಿನ ಎರಡು ಪಕ್ಕ ಎರಡು ಕ್ರೋಟನ್ ಗಿಡ. ಕಾಲಿಗೆ ಮಣ್ಣು ತಾಗದ ಹಾಗೆ ಬದುಕುವುದೇ ಮರ್ಯಾದೆ ಎಂದು ನಂಬಿದ್ದ ಜನ ನಾವು. ತರಕಾರಿ ಲಾರಿಯಲ್ಲಿ ಬರುತ್ತಿತ್ತು. ಲಾರಿ ನಿಂತ ಮೇಲೆ ತರಕಾರಿಯೂ ನಿಂತಿತು. ಮೊದಲ ಆರು ತಿಂಗಳು ಸರ್ಕಾರವನ್ನು ಬೈದೆವು. ಬೈಗುಳದಿಂದ ಸಾರು ಆಗುವುದಿಲ್ಲವೆಂದು ಗೊತ್ತಾದ ಮೇಲೆ ಗುದ್ದಲಿ ಹಿಡಿದೆವು.

ಆ ಮೊದಲ ವರ್ಷದ ಬೇಸಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ನಿವೃತ್ತ ಇಂಜಿನಿಯರು ಪದ್ಮನಾಭಯ್ಯ ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು. ಅವರು ಟೇಪು ಹಿಡಿದು ಗುಂಡಿ ಅಳೆದು ಬೆಂಡೆಯ ಬೀಜ ಹಾಕಿದರು. ಅಳತೆಯೇನೋ ಕರಾರುವಾಕ್ಕಾಗಿತ್ತು, ಆದರೆ ಅಷ್ಟು ಆಳದಿಂದ ಮೊಳಕೆ ಮೇಲೆ ಬರಲೇ ಇಲ್ಲ. ನಾನು ಟೊಮೆಟೊ ಗಿಡಗಳಿಗೆ ದಿನಕ್ಕೆ ಮೂರು ಸಲ ನೀರು ಸುರಿದು ಬೇರು ಕೊಳೆಸಿದೆ. "ಅದು ಗಿಡ ಕಣ್ರೀ, ಲಾರಿ ಅಲ್ಲ. ಟ್ಯಾಂಕ್ ಫುಲ್ ಮಾಡ್ತಾ ಕೂತಿದೀರಲ್ಲ!" ಎಂದು ನನ್ನ ಹೆಂಡತಿ ವಿಶಾಲು ಸೊಂಟಕ್ಕೆ ಕೈಯಿಟ್ಟು ನಕ್ಕಿದ್ದಳು. ಅಂಗಡಿಯಲ್ಲಿ ಉಳಿದಿದ್ದ ಪೊಟ್ಟಣದ ಹೈಬ್ರಿಡ್ ಬೀಜಗಳಿಂದ ಎರಡನೆಯ ವರ್ಷ ಒಂದಿಷ್ಟು ಬೆಳೆ ಬಂತು. ಅದೇ ಬೆಳೆಯ ಬೀಜ ತೆಗೆದು ಹಾಕಿದರೆ ಮರುವರ್ಷ ಒಂದೊಂದು ಗಿಡ ಒಂದೊಂದು ಥರ. ಪೊಟ್ಟಣಗಳು ಮತ್ತೆ ಬರಲಿಲ್ಲ.

ಆಗ ನಮ್ಮ ಕಣ್ಣಿಗೆ ಬಿದ್ದವರು ಚೆನ್ನಾಜಮ್ಮ. ಕಣ್ಣಿಗೆ ಬಿದ್ದರು ಎನ್ನುವುದೂ ಸುಳ್ಳೇ. ಅವರು ಹತ್ತು ವರ್ಷದಿಂದ ನಮ್ಮ ನಡುವೆಯೇ ಇದ್ದರು. ನಮ್ಮ ಮನೆಗಳನ್ನು ಕಟ್ಟುವಾಗ ಗಾರೆ ಹೊರಲು ಬಂದಿದ್ದ ಹೆಂಗಸು. ಹತ್ತೊಂಬತ್ತನೆಯ ಸೈಟಿನಲ್ಲಿ ಅರ್ಧ ಎದ್ದು ನಿಂತ ಮನೆಗೆ ಅವರ ಗಂಡ ಕಾವಲುಗಾರನಾಗಿದ್ದ. ಗಂಡ ತೀರಿಕೊಂಡ, ಸೈಟಿನ ಒಡೆಯರ ಸುದ್ದಿ ಇಲ್ಲವಾಯಿತು, ಚೆನ್ನಾಜಮ್ಮ ತಗಡಿನ ಶೆಡ್ಡಿನಲ್ಲೇ ಉಳಿದರು. ಶೆಡ್ಡಿನ ಸುತ್ತ ಅವರೆ, ಸೋರೆ, ಕುಂಬಳದ ಬಳ್ಳಿಗಳು. ಅವುಗಳಿಂದ ಬಡಾವಣೆಯ ಅಂದ ಕೆಡುತ್ತಿದೆ, ತೆರವು ಮಾಡಿಸಬೇಕು ಎಂದು ಹಿಂದೊಮ್ಮೆ ಸಂಘಕ್ಕೆ ಅರ್ಜಿ ಹೋಗಿತ್ತು. ಅದನ್ನು ಬರೆದದ್ದು ನಾನು. ನನ್ನ ಅಕ್ಷರ ಚೆನ್ನಾಗಿದೆ ಎಂದು ನನ್ನ ಕೈಯಿಂದಲೇ ಬರೆಸಿದ್ದರು.

ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜಗಳನ್ನು ಅವರು ನಲವತ್ತು ವರ್ಷ ತಪ್ಪದೆ ಬಿತ್ತಿ, ತೆಗೆದು, ಮತ್ತೆ ಬಿತ್ತಿ ಉಳಿಸಿಕೊಂಡಿದ್ದರು. ಬೂದಿ ಬೆರೆಸಿ, ಮಡಕೆಗೆ ಹಾಕಿ, ಬಾಯಿಗೆ ಸಗಣಿ ಮೆತ್ತಿ ಶೆಡ್ಡಿನ ಗೋಡೆಗುಂಟ ಸಾಲಾಗಿ ಇಟ್ಟಿದ್ದರು. ಕೇಳಿದವರಿಗೆ ಇಲ್ಲವೆನ್ನಲಿಲ್ಲ. ಸಿಮೆಂಟು ಒಡೆಯಲು ಅವರೇ ಹೇಳಿದರು. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಲು, ಒಣಗಿದ ಎಲೆಯನ್ನು ಸುಡದೆ ಪಾತಿಗೆ ಹೊದಿಸಲು, ದೊಡ್ಡ ಮರದ ನೆರಳಿನಲ್ಲಿ ಅರಿಸಿನ ಹಾಕಲು, ಕಾರು ನಿಲ್ಲಿಸುತ್ತಿದ್ದ ಶೆಡ್ಡಿನ ಮೇಲೆ ಹೀರೆ ಹಬ್ಬಿಸಲು ಕಲಿಸಿದರು. ಮೂರು ವರ್ಷದಲ್ಲಿ ನಮ್ಮ ಬಡಾವಣೆಯ ಒಂದು ಕಾಂಪೌಂಡೂ ಬರಿದಾಗಿ ಕಾಣುತ್ತಿರಲಿಲ್ಲ. ಆ ಮೂರು ವರ್ಷದಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. "ಏ ಚೆನ್ನಾಜಿ, ಬಾ ಇಲ್ಲಿ" ಎಂದು ಕೂಗುತ್ತಿದ್ದವರೆಲ್ಲ "ಚೆನ್ನಾಜಮ್ಮ, ಬನ್ನಿ" ಎನ್ನತೊಡಗಿದ್ದರು. ಹೊಟ್ಟೆ ಕಲಿಸಿದ ಮರ್ಯಾದೆ ಅದು. ಸಂಘದ ಸಭೆಯಲ್ಲಿ ಎಲ್ಲರೂ ಒಪ್ಪಿ, ಹತ್ತೊಂಬತ್ತನೆಯ ಸೈಟಿನಲ್ಲಿ ಅವರು ಇರಲಿ, ಬಡಾವಣೆಯ ಬೀಜದ ಹೊಣೆ ಅವರದೇ ಎಂದು ತೀರ್ಮಾನಿಸಿದೆವು. ಅದನ್ನು ಕೇಳಿದ ದಿನ ಚೆನ್ನಾಜಮ್ಮ ಒಗೆದ ಸೀರೆಯುಟ್ಟು ಮನೆಮನೆಗೂ ಬಂದು ಬೆಲ್ಲ ಹಂಚಿದ್ದರು.

ಪ್ರತಿವರ್ಷ ಮೊದಲ ಮಳೆ ಬಿದ್ದ ಮೂರನೆಯ ದಿನ ಅವರ ಶೆಡ್ಡಿನ ಮುಂದೆ ಹೆಂಗಸರು ಸೇರುತ್ತಿದ್ದರು. ಒಂದೊಂದು ಮನೆಗೆ ಸೋರೆಯ ಬೀಜ ಎಂಟು, ಕುಂಬಳ ನಾಲ್ಕು, ಅವರೆ ಒಂದು ಹಿಡಿ. ಮುತ್ತುಗದ ಎಲೆಯಲ್ಲಿ ಮಡಿಸಿ ಕೊಡುತ್ತಿದ್ದರು. "ನೀವೂ ಒಂದೆರಡು ಕಾಯಿ ಬೀಜಕ್ಕೆ ಬಿಟ್ಕೊಳಿ" ಎಂದು ಪ್ರತಿವರ್ಷ ಹೇಳುವರು. ನಾವು ಹೂಂ ಎನ್ನುತ್ತಿದ್ದೆವು, ಎಲ್ಲವನ್ನೂ ಎಳೆಯದರಲ್ಲೇ ಕೊಯ್ದು ತಿನ್ನುತ್ತಿದ್ದೆವು. ಚೆನ್ನಾಜಮ್ಮ ಇದ್ದಾರಲ್ಲ ಎಂಬ ಧೈರ್ಯ. ಮುಂಚೆ ಅಂಗಡಿ ಇತ್ತು, ಈಗ ಚೆನ್ನಾಜಮ್ಮ. ನಮ್ಮ ಬುದ್ಧಿ ಇದ್ದಲ್ಲೇ ಇತ್ತು.

ಸೋರೆಯ ಬೀಜವನ್ನು ಅವರು ಹೇಗೆ ಕಾಪಾಡುತ್ತಿದ್ದರೆಂಬುದನ್ನು ಹೇಳಬೇಕು, ಏಕೆಂದರೆ ಈ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ. ಮಧ್ಯಾಹ್ನವೇ ಅವರು ಚಪ್ಪರದ ಕೆಳಗೆ ನಿಂತು, ಅಂದು ಸಂಜೆ ಅರಳಲಿರುವ ಮೊಗ್ಗುಗಳನ್ನು ಹುಡುಕುವರು. ಗಂಡು ಮೊಗ್ಗಿಗೂ ಹೆಣ್ಣು ಮೊಗ್ಗಿಗೂ ತುದಿಯಲ್ಲಿ ದಾರ ಸುತ್ತಿ, ತಾವಾಗಿ ಅರಳದ ಹಾಗೆ ಕಟ್ಟುವರು. ಮುಸ್ಸಂಜೆಯಲ್ಲಿ ದಾರ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಕೂಡಲೇ ಹೆಣ್ಣು ಹೂವಿನ ಬಾಯನ್ನು ಮತ್ತೆ ಕಟ್ಟುವರು. ಆಮೇಲೆ ಅದರ ತೊಟ್ಟಿಗೆ ಒಂದು ಕೆಂಪು ದಾರ. ಕೆಂಪು ದಾರದ ಕಾಯಿಯನ್ನು ಯಾರೂ ಕೊಯ್ಯಬಾರದು. ಅದು ಬಳ್ಳಿಯಲ್ಲೇ ಬಲಿತು, ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುವ ತನಕ ಇರಬೇಕು. ಅಂಥ ಒಂದು ಕಾಯಿ ಸಿಕ್ಕರೆ ಇಡೀ ಬಡಾವಣೆಗೆ ಬೀಜ ಸಾಕು.

"ಯಾಕಿಷ್ಟು ಕಷ್ಟ? ಹುಳಗಳೇ ಮಾಡ್ತವಲ್ಲ ಆ ಕೆಲಸ?" ಎಂದು ಒಂದು ಸಂಜೆ ನಾನು ಕೇಳಿದ್ದೆ.

ಅವರು ಬಂಕಿನ ಚಾವಣಿಯ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಹೂಗಳು ಅರಳುತ್ತಿದ್ದವು. "ಅಗೋ, ಅದಕ್ಕೇ ಕಣಣ್ಣ. ಹುಳಕ್ಕೇನು ಗೊತ್ತು, ಅದು ಕಹಿ, ಇದು ಸಿಹಿ ಅಂತ? ಅಲ್ಲಿ ಕೂತಿದ್ದು ಇಲ್ಲಿ ಬಂದು ಕೂತ್ಕಂತದೆ. ಈ ವರ್ಷದ ಕಾಯಿ ತಿನ್ನಕ್ಕೆ ಚೆಂದಾಗೇ ಇರ್ತದೆ. ಅದರ ಬೀಜ ಹಾಕಿದ್ರೆ ಮುಂದಿನ ವರ್ಷ ವಿಷ."

"ಹಾಗಾದ್ರೆ ಆ ಬಳ್ಳಿ..."

"ಕಿತ್ತಾಕಿಬಿಡಿ ಅಂತ್ಲೇ ಹೇಳಕ್ಕೆ ಬಂದಿದ್ದೆ. ಬೀಗದ ಕೈ ನಿಮ್ಮತ್ರ ಐತಲ್ಲ."

ನಾನು ಕೀಳಲಿಲ್ಲ. "ಇರಲಿ ಬಿಡಿ ಚೆನ್ನಾಜಮ್ಮ, ನೀವು ಹೇಗೂ ದಾರ ಕಟ್ತೀರಲ್ಲ" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬಂಕಿನ ಮೇಲೆ ನನಗಿದ್ದ ಮೋಹವನ್ನು ಬಲ್ಲವರಂತೆ ನಕ್ಕರು. ಆ ನಗುವಿಗೆ ಬದಲು ಜೋರಾಗಿ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆ ವರ್ಷ ಮೂರು ಕಾಯಿಗಳಿಗೆ ಕೆಂಪು ದಾರ ಕಟ್ಟಿದ್ದರು. ಎರಡು ಪೀಚಿನಲ್ಲೇ ಉದುರಿದವು. ಉಳಿದದ್ದು ಒಂದೇ. ಅಷ್ಟರಲ್ಲಿ ಅವರ ತಂಗಿ ತೀರಿಕೊಂಡ ಸುದ್ದಿ ಬಂತು. ಎರಡು ದಿನದ ಕಾಲ್ನಡಿಗೆಯ ಹಳ್ಳಿ; ಹೋಗಿ, ತಿಥಿ ಮುಗಿಸಿ ಬರುವುದಕ್ಕೆ ಹದಿನೈದು ದಿನವಾದರೂ ಬೇಕು. ಪಾತಿಗಳಿಗೆ ನೀರು ಹಾಕಿಕೊಂಡು ನೋಡಿಕೊಳ್ಳುವವರು ಯಾರೆಂಬ ಮಾತು ಬಂದಾಗ ನಾನೇ ಮುಂದೆ ಬಂದೆ. ಅಷ್ಟು ಹೊತ್ತಿಗೆ ನನ್ನನ್ನು ನಾನು ದೊಡ್ಡ ತೋಟಗಾರನೆಂದು ತಿಳಿದುಕೊಂಡಿದ್ದೆ. "ಇದೊಂದೇ ಉಳಿದಿರೋದು ಕಣಣ್ಣ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳಿ" ಎಂದು ಹೇಳಿ ಹೋದರು. ಅವರು ಹಿಂದಿರುಗಿದಾಗ ಕೆಂಪು ದಾರದ ಕಾಯಿ ಬಳ್ಳಿಯಲ್ಲೇ ತೂಗುತ್ತಿತ್ತು. ಆ ಹದಿನೈದು ದಿನದ ಉಳಿದ ಮಾತನ್ನು ಆಮೇಲೆ ಹೇಳುತ್ತೇನೆ.

ಮರುವರ್ಷ ಮಳೆ ಚೆನ್ನಾಗಿ ಬಂತು. ಎಲ್ಲ ಮನೆಗಳಲ್ಲೂ ಸೋರೆಯ ಬಳ್ಳಿ ಕಾಂಪೌಂಡು ಹತ್ತಿತು. ಮೊದಲ ಕಾಯಿಗಳನ್ನು ಒಟ್ಟಿಗೆ ಸೇರಿಸಿ ಸಂಘದ ಶೆಡ್ಡಿನಲ್ಲಿ ಅಡುಗೆ ಮಾಡಿ ಎಲ್ಲರೂ ಊಟಕ್ಕೆ ಕೂರುವುದು ನಾವು ಮಾಡಿಕೊಂಡಿದ್ದ ಪದ್ಧತಿ. ದೊಡ್ಡ ಕೊಳಗದಲ್ಲಿ ಸೋರೆಕಾಯಿ ಕೂಟು ಬೆಂದಿತು. ಮೊದಲ ಪಂಕ್ತಿಗೆ ಬಡಿಸಿದರು.

ಮೊದಲ ತುತ್ತಿಗೇ ಎಲ್ಲರ ಮುಖ ಕಿವುಚಿಕೊಂಡಿತು. ಕಹಿ. ಮೆಂತ್ಯದ ಕಹಿಯಲ್ಲ, ಹಾಗಲಕಾಯಿಯ ಕಹಿಯಲ್ಲ. ಗಂಟಲು ಹಿಡಿದುಕೊಳ್ಳುವಂಥ ಕಹಿ. ತರಕಾರಿ ಲಾರಿಯಲ್ಲಿ ಬರುತ್ತಿದ್ದ ಕಾಲದಲ್ಲಾಗಿದ್ದರೆ ಎಲೆಯ ಸಮೇತ ಎಸೆದು ಏಳುತ್ತಿದ್ದೆವು. ಆದರೆ ಈಗ ಒಂದು ಅಗುಳನ್ನೂ ಚೆಲ್ಲದ ಜನರಾಗಿದ್ದೆವು, ಅದರ ಬಗ್ಗೆ ನಮಗೆ ಹೆಮ್ಮೆಯೂ ಇತ್ತು. "ಹಾಗಲಕಾಯಿ ತಿನ್ನಲ್ವಾ? ಅನ್ನಕ್ಕೆ ಮರ್ಯಾದೆ ಕೊಡ್ಬೇಕು" ಎಂದು ಪದ್ಮನಾಭಯ್ಯ ಎಲ್ಲರಿಗೂ ಕೇಳುವಂತೆ ಹೇಳಿ, ನಿಂಬೆಹಣ್ಣು ಹಿಂಡಿಕೊಂಡು ಉಂಡರು. ಅವರ ಹೆಂಡತಿ ಗಂಡನ ಮಾತಿಗೆ ತಪ್ಪದೆ ಎರಡನೆಯ ಸಲ ಬಡಿಸಿಕೊಂಡರು. ಚೆನ್ನಾಜಮ್ಮ ತಡವಾಗಿ ಬಂದವರು, ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದವರೇ ಉಗುಳಿ, "ಉಗೀರಿ! ಎಲ್ಲಾರೂ ಉಗೀರಿ! ತಿನ್ಬ್ಯಾಡಿ!" ಎಂದು ಕಿರುಚಿಕೊಂಡರು.

ಅಷ್ಟರಲ್ಲಿ ಹನ್ನೊಂದು ಜನ ಉಂಡಾಗಿತ್ತು. ಸಂಜೆಯೊಳಗೆ ಎಲ್ಲರಿಗೂ ವಾಂತಿ, ಭೇದಿ. ಪದ್ಮನಾಭಯ್ಯನವರ ಹೆಂಡತಿಗೆ ವಾಂತಿಯಲ್ಲಿ ರಕ್ತ ಬಂತು. ಆಂಬುಲೆನ್ಸು ಎಂಬುದು ಹೆಸರಾಗಿ ಮಾತ್ರ ಉಳಿದಿದ್ದ ಕಾಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಎಂಟು ಮೈಲಿ ಕರೆದೊಯ್ದರು. ಆಕೆ ನಾಲ್ಕು ದಿನ ಸಾವು ಬದುಕಿನ ನಡುವೆ ಇದ್ದು, ಹೇಗೋ ಉಳಿದರು. ಆ ನಾಲ್ಕೂ ದಿನ ನಾನು ದೇವರ ಮುಂದೆ ನಿಂತು ಬೇಡಿಕೊಂಡೆ. ಬೇಡಿಕೊಂಡದ್ದು ಆಕೆಗಾಗಿ ಎಷ್ಟೋ ನನಗಾಗಿಯೂ ಅಷ್ಟೇ.

ಭಾನುವಾರ ಬೆಳಿಗ್ಗೆ ಸಂಘದ ಶೆಡ್ಡಿನಲ್ಲಿ ಸಭೆ ಕರೆದರು. ಪದ್ಮನಾಭಯ್ಯ ನಿದ್ದೆಗೆಟ್ಟು ಕಂಗೆಟ್ಟಿದ್ದರು. ಚೆನ್ನಾಜಮ್ಮ ಒಂದು ಕಂಬದ ಪಕ್ಕ ನಿಂತಿದ್ದರು. ಯಾರೂ ಅವರಿಗೆ ಕುಳಿತುಕೊಳ್ಳಿ ಎನ್ನಲಿಲ್ಲ.

"ನೀನೇ ಹೇಳು. ಬೀಜ ಎಲ್ಲಿಂದ ತೆಗೆದೆ? ಆ ಬಂಕಿನ ಬಳ್ಳಿಯಿಂದ ತೆಗೆದ್ಯಾ?" ಎಂದರು ಪದ್ಮನಾಭಯ್ಯ. ಒಂದೇ ವಾರದಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಇಲ್ಲ ಸ್ವಾಮಿ. ದಾರ ಕಟ್ಟಿದ ಕಾಯಿದೇ ಬೀಜ. ನನ್ನ ಕೈಯಾರೆ ಹೂವು ಮುಟ್ಟಿಸಿ, ನನ್ನ ಕೈಯಾರೆ ಕಟ್ಟಿದ್ದು."

"ಹಾಗಾದ್ರೆ ಕಹಿ ಎಲ್ಲಿಂದ ಬಂತು? ಎಲ್ಲರ ಮನೆ ಬಳ್ಳೀಲೂ ಕಹಿ! ನನ್ನ ಹೆಂಡತಿ ಸಾಯೋದೊಂದು ಬಾಕಿ ಇತ್ತು!"

ಚೆನ್ನಾಜಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಅವರು ಜನರ ನಡುವೆ ಕಣ್ಣಾಡಿಸಿ ನನ್ನನ್ನು ಹುಡುಕಿಕೊಂಡರು. "ಅಣ್ಣಾ, ನಾನು ಇಲ್ದಿದ್ದಾಗ ನೀವೇ ಅಲ್ವಾ ನೋಡ್ಕಂಡಿದ್ದು? ದಾರ ನಾನು ಕಟ್ಟಿದ ಕಾಯಿಗೇ ಇತ್ತಲ್ವಾ? ಒಸಿ ಹೇಳಿ ಇವರಿಗೆ."

ಅವರು ನನ್ನ ಮೇಲೆ ಅನುಮಾನಪಟ್ಟು ಕೇಳಲಿಲ್ಲ. ತಮ್ಮ ಪರವಾಗಿ ಮಾತಾಡುವವನು ಒಬ್ಬನಾದರೂ ಇದ್ದಾನೆಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ವಿಶಾಲುವೂ ತಿರುಗಿದಳು.

"ಹೌದು, ಅದೇ ಕಾಯಿಗೇ ಇತ್ತು. ನಾನು ದಿನಾ ನೋಡ್ತಿದ್ದೆ. ಯಾರೂ ಮುಟ್ಟಲಿಲ್ಲ" ಎಂದೆ.

ನನ್ನ ಮಾತು ಅವರಿಗೆ ನೆರವಾಗುತ್ತದೆ ಎಂದು ಆ ಕ್ಷಣಕ್ಕೆ ನನ್ನನ್ನೇ ನಾನು ನಂಬಿಸಿಕೊಂಡಿದ್ದೆ. ಆದದ್ದು ಬೇರೆ. ಚೆನ್ನಾಜಮ್ಮ ನಿಧಾನವಾಗಿ ತಲೆಯಾಡಿಸಿದರು. ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ಅಂಗಾರೆ ನಾನೇ ತಪ್ಪಿದೀನಿ" ಎಂದರು. "ಕಟ್ಟೋದು ಮುಸ್ಸಂಜೇಲಿ. ಕಣ್ಣು ಮೊದಲಿನಂಗಿಲ್ಲ. ಹುಳ ಮುಟ್ಟಿದ್ದ ಹೂವಿಗೇ ಕಟ್ಬಿಟ್ಟಿದೀನಿ ಅಂತ ಕಾಣ್ತದೆ. ತಪ್ಪಾಯ್ತು ಸ್ವಾಮಿ. ಅಮ್ಮಾವ್ರು ಉಳಕಂಡ್ರಲ್ಲ, ಅಷ್ಟು ಸಾಕು."

ಅವರು ಹಾಗೆ ಒಪ್ಪಿಕೊಂಡ ಮೇಲೆ ಸಭೆಗೂ ಕೂಗಾಡುವುದಕ್ಕೆ ಏನೂ ಉಳಿಯಲಿಲ್ಲ. ಪದ್ಮನಾಭಯ್ಯ ದನಿ ತಗ್ಗಿಸಿ, "ಶೆಡ್ಡಲ್ಲಿ ಇರು, ಬೇಡ ಅನ್ನಲ್ಲ. ಬೀಜದ ಕೆಲಸ ಮಾತ್ರ ಇನ್ನು ಬೇಡ" ಎಂದರು. ಅವತ್ತೇ ಎಲ್ಲರೂ ಸೇರಿ ಮನೆಮನೆಯ ಸೋರೆ ಬಳ್ಳಿಗಳನ್ನು ಕಿತ್ತರು; ಅವರ ಬೀಜದಿಂದ ಬಂದ ಬೇರೆ ಗಿಡ ಬಳ್ಳಿಗಳನ್ನೂ ಹೆದರಿ ಉಳಿಸಲಿಲ್ಲ. ಬಂಕಿನ ಬೀಗ ತೆಗೆಸಿ ಚಾವಣಿಯ ಬಳ್ಳಿಯನ್ನೂ ಎಳೆದು ಕೆಡವಿದರು. ಬಿಸಿಲಿಗೆ ಬಿದ್ದಿದ್ದ ಅದರ ಮೊಗ್ಗುಗಳು ಸಂಜೆಯಾದರೂ ಅರಳಲಿಲ್ಲ. ಪಂಪುಗಳು ಮತ್ತೆ ಕಣ್ಣಿಗೆ ಬಿದ್ದವು.

ಈಗ ಆ ಹದಿನೈದು ದಿನದ ಮಾತು.

ಚೆನ್ನಾಜಮ್ಮ ಹೋದ ಐದನೆಯ ದಿನ ಚಪ್ಪರದ ಒಂದು ಗಳ ವಾಲಿದಂತೆ ನನಗೆ ಕಂಡಿತು. ಯಾರೂ ಸರಿಮಾಡು ಎಂದಿರಲಿಲ್ಲ. ಅವರು ಬಂದಾಗ ಚಪ್ಪರ ನೆಟ್ಟಗೆ ನಿಂತಿರಬೇಕು, ನನ್ನನ್ನು ಮೆಚ್ಚಬೇಕು ಎಂಬ ಆಸೆ. ಸ್ಟೂಲು ಹತ್ತಿ ಗಳವನ್ನು ಎತ್ತಿದೆ. ಅದು ಕೈಜಾರಿ ಬಳ್ಳಿಯ ಮೇಲೆ ಬಿತ್ತು. ಮೊಳಕೈಯುದ್ದದ ಕಾಯಿ, ಕೆಂಪು ದಾರದ ಸಮೇತ, ತೊಟ್ಟು ಮುರಿದು ನನ್ನ ಕಾಲ ಬಳಿ ಬಿದ್ದಿತ್ತು.

ನಾನು ಸುತ್ತಲೂ ನೋಡಿದೆ. ಯಾರೂ ಇರಲಿಲ್ಲ. ಅದೇ ಬಳ್ಳಿಯಲ್ಲಿ ಎರಡು ಗೇಣಿನಾಚೆ ಇನ್ನೊಂದು ಕಾಯಿ ತೂಗುತ್ತಿತ್ತು, ಒಂದಿಷ್ಟು ಚಿಕ್ಕದು. ಅದೇ ಬಳ್ಳಿ, ಅದೇ ಬೇರು, ಅದೇ ನೀರು. ಏನು ಮಹಾ ವ್ಯತ್ಯಾಸವಾದೀತು ಎಂದುಕೊಂಡೆ. ವ್ಯತ್ಯಾಸ ಏನೆಂದು ಅವರು ನನಗೆ ಬಿಡಿಸಿ ಹೇಳಿದ್ದರು. ಗೊತ್ತಿಲ್ಲದೆ ಮಾಡಿದೆನೆಂದು ಹೇಳಲು ನನಗೆ ಬಾಯಿಲ್ಲ. ಗೊತ್ತಿದ್ದದ್ದನ್ನು ಆ ಗಳಿಗೆಗೆ ಬೇಕೆಂದೇ ಮರೆತೆ. ದಾರ ಬಿಚ್ಚಿ ಆ ಕಾಯಿಯ ತೊಟ್ಟಿಗೆ ಕಟ್ಟಿದೆ. ಮುರಿದ ಕಾಯಿಯನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ವಿಶಾಲು ಪಲ್ಯ ಮಾಡಿದಳು. ಬೆಣ್ಣೆಯಷ್ಟು ಎಳೆಯದಾಗಿತ್ತು, ತುಂಬ ರುಚಿಯಾಗಿತ್ತು.

ಚೆನ್ನಾಜಮ್ಮ ಹಿಂದಿರುಗಿ ಬಂದವರು ಕಾಯಿಯನ್ನು ಅಂಗೈಯಲ್ಲಿ ತೂಗಿ, "ಅಷ್ಟಾಗಿ ಬೆಳೆದಿಲ್ಲ ಅಲ್ವಾ?" ಎಂದರು. "ಬಿಸಿಲು ಜಾಸ್ತಿ ಇತ್ತು" ಎಂದೆ. "ಹೂಂ, ಇದ್ರೂ ಇರ್ಬೋದು. ಉಳಿಸ್ಕೊಟ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದರು. ಆವಾಗಲಾದರೂ ಹೇಳಬಹುದಿತ್ತು. ಆ ಕಾಯಿಯ ಬೀಜ ಕೊಡದೆ ಹಿಂದಿನ ವರ್ಷದ್ದನ್ನೇ ಮಡಕೆಯಿಂದ ತೆಗೆದು ಹಂಚುತ್ತಿದ್ದರು, ಅಷ್ಟೇ. ಬಹಳವೆಂದರೆ ನನ್ನ ಮುಖಕ್ಕೆ ಒಂದೆರಡು ಮಾತು ಬೀಳುತ್ತಿತ್ತು. ಆ ಒಂದೆರಡು ಮಾತಿಗೆ ಹೆದರಿದ ಗಂಡಸು ನಾನು.

ಸಭೆಯಿಂದ ಮನೆಗೆ ಬಂದ ಮೇಲೆ ವಿಶಾಲು ಬಾಗಿಲು ಹಾಕಿ ನನ್ನೆದುರು ನಿಂತಳು.

"ಹೋದ ವರ್ಷ ಟವೆಲಲ್ಲಿ ಸುತ್ತಿ ತಂದ್ರಲ್ಲ ಸೋರೆಕಾಯಿ, ಅದು ಎಲ್ಲಿದು?"

"ನಮ್ಮ ಬಳ್ಳೀದು ಅಂದಿದ್ನಲ್ಲ."

"ನಮ್ಮ ಬಳ್ಳಿಗೆ ಅಷ್ಟೊತ್ತಿಗೆ ಹುಳ ಬಿದ್ದು ಒಣಗಿಹೋಗಿತ್ತು. ಅವತ್ತು ಕೇಳ್ಲಿಲ್ಲ, ನನ್ನದೂ ತಪ್ಪು. ಈಗ ಕೇಳ್ತಿದೀನಿ."

ನಾನು ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ನಾನು ಹೋಗಿ ಹೇಳೋದು ಸುಲಭ. ಆದ್ರೆ ಅದು ನಿಮ್ಮ ಬಾಯಿಂದ ಬರಬೇಕು. ಆ ಹೆಂಗಸು ತನ್ನ ಕೈಯನ್ನೇ ಹೇಗೆ ನೋಡ್ಕೊಂಡ್ಲು ಅಂತ ನೋಡಿದ್ರಾ?" ಎಂದಳಷ್ಟೆ. ನಾಳೆ ಹೋಗುತ್ತೇನೆ ಎಂದೆ. ಮರುದಿನ ಪದ್ಮನಾಭಯ್ಯನವರ ಹೆಂಡತಿಯನ್ನು ಗಾಡಿಯಲ್ಲಿ ಮನೆಗೆ ಕರೆತಂದರು. ಅವರನ್ನು ನೋಡಿಕೊಂಡು ಬರುವ ನೆಪ ಸಿಕ್ಕಿತು. ಅದರ ಮರುದಿನ ತಲೆನೋವೆಂದು ಮಲಗಿದೆ. ತಲೆ ನಿಜವಾಗಿಯೂ ನೋಯುತ್ತಿತ್ತು. ಆದರೆ ಚೆನ್ನಾಜಮ್ಮನ ಶೆಡ್ಡು ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ಅಷ್ಟು ನಡೆಯಲಾರದ ನೋವೇನಾಗಿರಲಿಲ್ಲ.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನಾನು ಸಂಘದ ಮುಂದೆಯೂ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಕೆಲವರು ಉಗಿದರು, ಪದ್ಮನಾಭಯ್ಯ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ಎಲ್ಲರೂ ಚೆನ್ನಾಜಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದರು, ಮತ್ತೆ 'ನೀವು' ಎಂದರು. ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. ಆದರೆ ಮುಂದಿನ ಮಳೆಗೆ ಮುಂಚೆಯೇ ಸತ್ತ ತಂಗಿಯ ಊರಿಗೆ ಹೊರಟುಹೋದರು. ನಾವು ಸುತ್ತಲಿನ ಹಳ್ಳಿಗಳನ್ನೆಲ್ಲ ಅಲೆದು ತಂದ ಬೀಜದಲ್ಲಿ ಅರ್ಧ ಮೊಳೆಯಲೇ ಇಲ್ಲ. ಆ ವರ್ಷ ಸೊಪ್ಪು, ಗೆಣಸು ತಿಂದು ಕಾಲ ಹಾಕಿದೆವು. ಏಳು ಮನೆಯವರು ಬೀಗ ಹಾಕಿಕೊಂಡು ಹೋದರು. ಈಗ ಪ್ರತಿಯೊಂದು ಮನೆಯಲ್ಲೂ ಬೀಜದ ಮಡಕೆ ಇದೆ. ಬುದ್ಧಿ ಬಂದಿದೆ, ನಿಜ. ಅದಕ್ಕೆ ತೆತ್ತ ಬೆಲೆ ನಮ್ಮದಾಗಿರಲಿಲ್ಲ.

ನಾನು ಚೆನ್ನಾಜಮ್ಮನ ಶೆಡ್ಡಿಗೆ ಹೋದದ್ದು ಸಭೆಯಾದ ಮೂರನೆಯ ದಿನ, ಬುಧವಾರ ಬೆಳಿಗ್ಗೆ. ದಾರಿಯಲ್ಲಿಯೇ ಏನೋ ಹುರಿಯುವ ಘಮಲು ಬಂತು. ಹಸಿವಾಗುವಂಥ ಒಳ್ಳೆಯ ವಾಸನೆ. ಬಾಯಲ್ಲಿ ನೀರೂರಿತು ಎಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಊರಿತು. ಯಾರ ಮನೆಯಲ್ಲಿ ಹಬ್ಬವೋ ಎಂದುಕೊಂಡು ನಡೆದೆ. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಒಂದರ ಹಿಂದೆ ಒಂದು ಜೋಡಿಸಿಕೊಳ್ಳುತ್ತಿದ್ದೆ.

ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಗೋಡೆಗುಂಟ ಇದ್ದ ಮಡಕೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು. ಚೆನ್ನಾಜಮ್ಮ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ಪಕ್ಕದ ಮೊರದಲ್ಲಿ ಆಗಲೇ ಹುರಿದಿಟ್ಟ ಕುಂಬಳದ ಬೀಜ, ಸೌತೆಬೀಜ, ಅವರೆ, ಅಲಸಂದೆ ರಾಶಿಯಾಗಿದ್ದವು.

"ಬನ್ನಿ ಅ‍ಣ್ಣಾ, ಕೂತ್ಕಳಿ" ಎಂದರು.

"ಇದೇನು ಚೆನ್ನಾಜಮ್ಮ?"

"ಸೋರೆಬೀಜ, ಹೀರೆಬೀಜ ಎಲ್ಲಾ ನಿನ್ನೆ ಒಲೆಗೆ ಹಾಕಿದೆ, ಹಳೇದು ಹೊಸದು ಎಲ್ಲಾನೂವೆ. ಇವು ತಿನ್ನಕ್ಕಾದ್ರೂ ಆಯ್ತವೆ. ಒಂದರಲ್ಲಿ ಕಣ್ಣು ತಪ್ಪಿದ ಮ್ಯಾಲೆ ಇನ್ನೊಂದರಲ್ಲಿ ತಪ್ಪಿಲ್ಲ ಅಂತ ಯಾರು ಹೇಳ್ತಾರೆ? ನಾಳೆ ಯಾರೋ ಮಗಾ ತಿಂದು ಏನೋ ಆದ್ರೆ? ಮಡಗಿದ್ರೆ ಮನಸ್ಸು ಮತ್ತೆ ಬಿತ್ತು ಅನ್ನುತ್ತೆ. ಅದ್ಕೇ ಹುರಿದುಬಿಡಣ ಅಂತ. ನಾಲ್ಕು ಮನೆಗೆ ಹಂಚ್ತೀನಿ, ಮಕ್ಕಳು ತಿಂತವೆ." ಅವರು ಒಂದು ಹಿಡಿ ಬೀಜ ತೆಗೆದು ನನ್ನ ಕಡೆ ಚಾಚಿದರು. "ತಗಳಿ, ಬಿಸಿ ಐತೆ, ಊದ್ಕಂಡು ತಿನ್ನಿ."

ನಾನು ಕೈ ಒಡ್ಡಲಿಲ್ಲ. ಮಣ್ಣಿನ ಮೇಲೆ ಕೂತು, "ಚೆನ್ನಾಜಮ್ಮ, ಆ ಕಾಯಿ ಮುರಿದವನು ನಾನು" ಎಂದೆ. ಗಳ ಬಿದ್ದದ್ದು, ದಾರ ಬಿಚ್ಚಿದ್ದು, ಬೇರೆ ಕಾಯಿಗೆ ಕಟ್ಟಿದ್ದು, ಮನೆಗೆ ಕೊಂಡುಹೋಗಿ ತಿಂದದ್ದು, ಸಭೆಯಲ್ಲಿ ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿದೆ. ಹೇಳುವಾಗ ಅತ್ತೆ. ಬಾಣಲೆಯಲ್ಲಿ ಕೈಯಾಡಿಸುವುದನ್ನು ಅವರು ಯಾವಾಗ ನಿಲ್ಲಿಸಿದರೋ ನಾನು ಕಾಣೆ. ಬೀಜಗಳು ಚಟಪಟ ಎನ್ನುತ್ತಿದ್ದವು.

ಅವರು ನನ್ನನ್ನು ಬೈಯಬಹುದಿತ್ತು. ಬೈಯಲಿ ಎಂದು ಕಾದೆ.

"ಅಂಗಾರೆ ನನ್ನ ಕಣ್ಣು ಸರಿಯಾಗೇ ಐತಾ?" ಎಂದು ಕೇಳಿದರು.

"ಸರಿಯಾಗಿದೆ ಚೆನ್ನಾಜಮ್ಮ. ನೀವು ಕಟ್ಟಿದ್ದು ಸರಿಯಾದ ಹೂವಿಗೇ. ಆ ಕಾಯಿ ಸಿಹಿಯಾಗಿತ್ತು."

ಅವರ ಮುಖದಲ್ಲಿ ಒಂದು ಗಳಿಗೆ ಸಂತೋಷ ಕಾಣಿಸಿತು. ಸಂತೋಷವೇ ಅದು, ನಾನು ನೋಡಿದ್ದೇನೆ. ಮರುಗಳಿಗೆ ಅವರ ಕಣ್ಣು ಮೊರದ ಮೇಲೆ ಬಿತ್ತು. ಸೆರಗಿನಿಂದ ಬಾಣಲೆ ಹಿಡಿದು ತಟ್ಟನೆ ಒಲೆಯಿಂದ ಇಳಿಸಿ, ಅದರಲ್ಲಿದ್ದ ಬೀಜಗಳನ್ನೂ ಮೊರಕ್ಕೆ ಸುರಿದರು. ಸುಡುವುದನ್ನೂ ಲೆಕ್ಕಿಸದೆ ಎರಡೂ ಕೈಗಳಿಂದ ಹರಡಿದರು.

"ನೋಡಿ, ನೀವೂ ನೋಡಿ" ಎಂದರು. "ಕಾವು ತಾಗ್ದಿರೋದು ಎಲ್ಲಾದ್ರೂ ಒಂದು ಇರ್ತದೆ. ಬೆಳ್ಳಗಿರೋದು ನೋಡಿ."

ಮೊರವನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಹುಡುಕಿದೆವು. ಬೆರಳು ಸುಡುತ್ತಿತ್ತು. ಒಂದೊಂದೇ ಬೀಜವನ್ನು ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ ಪಕ್ಕಕ್ಕೆ ಹಾಕುತ್ತಾ ಹೋದೆವು. ಅವರದು ಬಹಳ ನಿಗಾದ ಕೈ. ಒಂದನ್ನೂ ಸೀಯಲು ಬಿಡದೆ, ಒಂದನ್ನೂ ಹಸಿಯಾಗಿ ಉಳಿಸದೆ, ಎಲ್ಲವನ್ನೂ ಒಂದೇ ಹದಕ್ಕೆ ಹುರಿದಿದ್ದರು.